ಪರದೆಯ ಹಿಂದೆ ಇಬ್ಬರು ಹುಡುಗಿಯರು

2024ರ ಜೂನ್ 23, ಭಾನುವಾರ ಸಂಜೆ. ಜಪಾನಿನ ಎನ್‌ಎಚ್‌ಕೆ ಟಿವಿಯಲ್ಲಿ ಶಾಲಾ ಬ್ಯಾಂಡೊಂದರ ಕಥೆ ಹೇಳುವ 'ಹಿಬಿಕೆ! ಯುಫೋನಿಯಮ್' ಅನಿಮೆಯ (ಜಪಾನಿ ಆನಿಮೇಷನ್ ಧಾರಾವಾಹಿಯ) ಮೂರನೇ ಸೀಸನ್ ಮುಗಿಯಲು ಇನ್ನೊಂದೇ ಕಂತು ಬಾಕಿ. ವೇದಿಕೆಗೆ ಪರದೆ ಎಳೆದಿದ್ದಾರೆ. ಹಿಂದೆ ಇಬ್ಬರು ಹುಡುಗಿಯರು, ಒಬ್ಬರಾದ ಮೇಲೊಬ್ಬರು ಯುಫೋನಿಯಮ್ ಎಂಬ ಹಿತ್ತಾಳೆ ವಾದ್ಯದಲ್ಲಿ ಅದೇ ಭಾಗವನ್ನು ನುಡಿಸುತ್ತಾರೆ. ಸ್ಪರ್ಧೆಯಲ್ಲಿ ಅದನ್ನು ಯಾರು ನುಡಿಸಬೇಕು ಎಂದು ಬ್ಯಾಂಡಿನವರೇ ಮತ ಹಾಕಬೇಕು. ಕೇಳುವವರಿಗೆ ಹೆಸರು ಗೊತ್ತಿಲ್ಲ. ಒಂದನೆಯವಳು, ಎರಡನೆಯವಳು, ಅಷ್ಟೇ. ಮತಗಳು ಸಮ ಬಂದವು. ಕೊನೆಯ ಮಾತು ಟ್ರಂಪೆಟ್ ನುಡಿಸುವ ರೇನಾಳದ್ದು. (ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ, ಆಮೇಲೆ ನನ್ನನ್ನು ಬೈಯಬೇಡಿ.)

ರೇನಾ ಎರಡನೆಯವಳನ್ನು ಆರಿಸಿದಳು. ಅದು ಮಯು, ಆ ವರ್ಷವಷ್ಟೇ ಬೇರೆ ಶಾಲೆಯಿಂದ ಬಂದವಳು. ಸೋತದ್ದು ಕಥೆಯ ನಾಯಕಿ, ಬ್ಯಾಂಡಿನ ಅಧ್ಯಕ್ಷೆ, ರೇನಾಳ ಜೀವದ ಗೆಳತಿ ಕುಮಿಕೊ.

ಅಯಾನೊ ತಕೇದಾ ಅವರ ಮೂಲ ಕಾದಂಬರಿಯಲ್ಲಿ ಗೆಲ್ಲುವುದು ಕುಮಿಕೊನೇ. ಹಾಗಾಗಿ ಪುಸ್ತಕ ಓದಿದ್ದವರು ಬೆಚ್ಚಿಬಿದ್ದರು. ಕೆಲವರಿಗೆ ಸಿಟ್ಟೂ ಬಂತು. ಆದರೆ ಈ ಸೋಲು ಸುಮ್ನೆ ಆಕಾಶದಿಂದ ಬಿದ್ದದ್ದಲ್ಲ. ಅದರ ಬೇರು 2015ರ ಮೊದಲ ಸೀಸನ್ನಿನಲ್ಲೇ ಇದೆ.

ಕಥೆ ನಡೆಯುವುದು ಕ್ಯೋಟೊ ಪಕ್ಕದ ಉಜಿ ಊರಿನ ಕಿತಾಉಜಿ ಎಂಬ ಕಾಲ್ಪನಿಕ ಹೈಸ್ಕೂಲಿನಲ್ಲಿ. ಜಪಾನಿನ ಶಾಲಾ ಬ್ಯಾಂಡ್ ಸ್ಪರ್ಧೆ ಒಂದು ವಿಚಿತ್ರ ವ್ಯವಸ್ಥೆ. ಎರಡು ಕೃತಿಗಳಿಗೆ ಸೇರಿ 12 ನಿಮಿಷ. ವೇದಿಕೆ ಮೇಲೆ ಹೆಚ್ಚೆಂದರೆ 55 ಮಂದಿ. ಚಿನ್ನ, ಬೆಳ್ಳಿ, ಕಂಚು ಒಂದೊಂದೂ ಹಲವು ತಂಡಗಳಿಗೆ ಸಿಗುತ್ತದೆ, ಆದರೆ ಚಿನ್ನ ಗೆದ್ದವರೆಲ್ಲ ಮುಂದಿನ ಸುತ್ತಿಗೆ ಹೋಗುವುದಿಲ್ಲ. ಚಿನ್ನ ಸಿಕ್ಕೂ ಅಲ್ಲೇ ಉಳಿಯುವುದಕ್ಕೆ ಅವರು 'ದಾಮೆ ಕಿನ್' ಅನ್ನುತ್ತಾರೆ. ಅಂದರೆ ಕೆಲಸಕ್ಕೆ ಬಾರದ ಚಿನ್ನ. ಮೊದಲ ಕಂತು ಶುರುವಾಗುವುದೇ ಅಂಥದ್ದೊಂದು ಚಿನ್ನದಿಂದ.

55 ಜಾಗಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಯಾರು ಹೊರಗೆ? ಕಿತಾಉಜಿಯಲ್ಲಿ ಹಿರಿಯರಿಗೆ ಮೊದಲ ಮಣೆ ಇತ್ತು. ಹೊಸ ಮೇಷ್ಟ್ರು ತಾಕಿ ಬಂದು ಆಡಿಷನ್ ಇಟ್ಟರು. ಟ್ರಂಪೆಟ್ ಸೋಲೊ, ಅಂದರೆ ಒಬ್ಬರೇ ನುಡಿಸುವ ಭಾಗ, ಮೊದಲ ವರ್ಷದ ರೇನಾಗೆ ಹೋಯಿತು. ಕೊನೆಯ ವರ್ಷದ ಕಾವೊರಿಗೆ ತಪ್ಪಿತು. ಗಲಾಟೆಯಾಯಿತು. ಕೊನೆಗೆ ಎಲ್ಲರ ಮುಂದೆ ಇಬ್ಬರೂ ಮತ್ತೆ ನುಡಿಸಿದರು. ಯಾರಿಗೆ ಇಷ್ಟವೋ ಅವರಿಗೆ ಚಪ್ಪಾಳೆ ತಟ್ಟಿ ಎಂದರೆ ಸಭಾಂಗಣ ಮೌನ. ಆಮೇಲೆ ತಟ್ಟಿದವರೂ ಬೆರಳೆಣಿಕೆ. ರೇನಾಗಾಗಿ ಎದ್ದು ನಿಂತು ಚಪ್ಪಾಳೆ ಹೊಡೆದವಳು ಕುಮಿಕೊ. ನೀನೇ ನುಡಿಸುತ್ತೀಯಾ ಎಂದು ಮೇಷ್ಟ್ರು ಕೇಳಿದಾಗ ಕಾವೊರಿಯೇ ಬೇಡವೆಂದಳು.

ಚೆನ್ನಾಗಿ ನುಡಿಸುವವರಿಗೇ ಜಾಗ ಎಂಬ ನಿಯಮಕ್ಕೆ ಕುಮಿಕೊ ಆವತ್ತು ಸಹಿ ಹಾಕಿದ ಹಾಗೆ. ಮಿಡ್ಲ್ ಸ್ಕೂಲಿನಲ್ಲಿ ಅವಳೂ ಒಬ್ಬ ಹಿರಿಯಳ ಜಾಗ ಕಸಿದು ಬೈಗುಳ ತಿಂದವಳು. ಮೂರನೇ ಸೀಸನ್ನಿನಲ್ಲಿ ಪರದೆ ಹಾಕೋಣ ಎಂದು ಹೇಳಿದವಳೂ ಅವಳೇ. ಎರಡು ವರ್ಷ ಬೇರೆಯವರಿಗೆ ಹೇಳಿದ್ದನ್ನು ತನ್ನ ಮೈಮೇಲೆ ಬಂದಾಗ ಒಪ್ಪುತ್ತಾಳಾ? ಕಾದಂಬರಿಯ ಗೆಲುವಿನಲ್ಲಿ ಈ ಪ್ರಶ್ನೆಯ ಮೊನೆ ಸ್ವಲ್ಪ ಮೊಂಡಾಗುತ್ತದೆ. ನನಗಂತೂ ಅನಿಮೆಯದ್ದೇ ಸರಿ ಎನಿಸಿತು, ಎಷ್ಟೇ ನೋವಾದರೂ.

ಈ ಸೀಸನ್ ಬರುವುದಕ್ಕೂ ಬಹಳ ಕಾಲ ಹಿಡಿಯಿತು. ಕುಮಿಕೊಳ ಕೊನೆಯ ವರ್ಷದ ಕಥೆ ಮಾಡುತ್ತೇವೆ ಎಂದು ಈ ಅನಿಮೆ ತಯಾರಿಸುವ ಸ್ಟುಡಿಯೊ ಕ್ಯೋಟೊ ಆನಿಮೇಷನ್ 2019ರ ಜೂನ್‌ನಲ್ಲಿ ಹೇಳಿತ್ತು. ಮರುತಿಂಗಳು 18ಕ್ಕೆ ಸ್ಟುಡಿಯೊಗೆ ಒಬ್ಬ ಬೆಂಕಿ ಹಚ್ಚಿದ. 36 ಮಂದಿ ಸತ್ತರು. ಪಾತ್ರಗಳಿಗೆ ರೂಪ ಕೊಟ್ಟ ಶೋಕೊ ಇಕೇದಾ ಹೋದರು. ಹಿತ್ತಾಳೆ ವಾದ್ಯಗಳ ಒಂದೊಂದು ಕೊಳವೆ, ವಾಲ್ವ್ ನಿಜದಂತೆ ಕಾಣಲು ಕಾರಣರಾದ ಹಿರೋಯುಕಿ ತಕಹಾಶಿಯೂ ಹೋದರು. ಮೂರನೇ ಸೀಸನ್ನಿನಲ್ಲೂ ಪಾತ್ರ ವಿನ್ಯಾಸದ ಸಾಲಿನಲ್ಲಿ ಇಕೇದಾ ಹೆಸರಿದೆ. ನಿರ್ದೇಶಕ ತತ್ಸುಯಾ ಇಶಿಹಾರಾ ಮೊದಲಿನಿಂದಲೂ ಇದ್ದವರು.

ಪರದೆ ಸರಿದ ಮೇಲೆ ಕುಮಿಕೊ ಅಳಲಿಲ್ಲ. ಇದೇ ನಮ್ಮ ಅತ್ಯುತ್ತಮ ತಂಡ ಎಂದು ಅಧ್ಯಕ್ಷೆಯಾಗಿ ಎಲ್ಲರಿಗೂ ಹೇಳಿದಳು. ಆಮೇಲೆ ರೇನಾ ಜೊತೆ ದೈಕಿಚಿಯಾಮಾ ಗುಡ್ಡದ ಮೇಲೆ. ಮೊದಲ ಸೀಸನ್ನಿನ ಜಾತ್ರೆಯ ರಾತ್ರಿ ಇಬ್ಬರೂ ಹತ್ತಿ ಜೊತೆಯಾಗಿ ನುಡಿಸಿದ್ದು ಅಲ್ಲೇ. ನಾದ ಕೇಳಿದ ಕೂಡಲೇ ನೀನು ಯಾರೆಂದು ಗೊತ್ತಾಗಿತ್ತು ಎನ್ನುತ್ತಾಳೆ ರೇನಾ. ಗೊತ್ತಿದ್ದೂ ಎರಡನೆಯವಳನ್ನು ಆರಿಸಿದ್ದಳು. ಈ ಸಲ ಇಬ್ಬರೂ ಅತ್ತರು.