ಮಾರುತ್ ಮತ್ತೆ ಹಾರೀತೇ?

ಬಳ್ಳಾರಿ ಕಡೆಯ ಶಾಲೆ ಮಕ್ಕಳು ಬೆಂಗಳೂರಿಗೆ ಟೂರ್ ಹೊರಟರೆ ವಿಶ್ವೇಶ್ವರಯ್ಯ ಮ್ಯೂಸಿಯಂ ತಪ್ಪುವುದಿಲ್ಲ. ಅಲ್ಲಿ ಎಚ್‌ಎಫ್-24 ಮಾರುತ್ ನಿಂತಿದೆ. ಭಾರತದಲ್ಲೇ ವಿನ್ಯಾಸ ಮಾಡಿ ಕಟ್ಟಿದ ಮೊದಲ ಜೆಟ್ ಫೈಟರ್ ಅದು. 1961ರ ಜೂನ್ 17ರಂದು ಮೊದಲ ಸಲ ಹಾರಿತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮ ಭಾವ ಅದನ್ನು ನೋಡಿ ಬಂದವರೇ ಕೇಳಿದರು: "ಅಲ್ಲಪ್ಪಾ, ಇಂಜಿನ್ ರಿಪೇರಿ ಮಾಡಿ ಎಣ್ಣೆ ಹಾಕಿದ್ರೆ ಅದು ಹಾರಲ್ವಾ?"

ಮಾರುತ್‌ಗಿಂತ ಮೂವತ್ತು ವರ್ಷ ಹಳೆಯದಾದ ಟೈಗರ್ ಮಾತ್ ಎಂಬ ತರಬೇತಿ ವಿಮಾನದ ಬಗ್ಗೆ ಕೇಳಿದ್ದರೆ ತಕ್ಷಣ ಹೌದು ಎನ್ನುತ್ತಿದ್ದೆ. ವಿಮಾನ ಹಳೆಯದಾದಷ್ಟೂ ಅದನ್ನು ಎಬ್ಬಿಸುವುದು ಸುಲಭ.

ಟೈಗರ್ ಮಾತ್ ರೆಕ್ಕೆ ಎಂದರೆ ಮರದ ಚೌಕಟ್ಟು, ಮೇಲೆ ಬಟ್ಟೆ. ಬಟ್ಟೆ ಹೊದಿಸಿ, ಉದ್ದ ಸೂಜಿಯನ್ನು ರೆಕ್ಕೆಯ ಮೇಲಿನಿಂದ ಕೆಳಕ್ಕೆ ತೂರಿಸಿ, ಮೇಣ ಹಚ್ಚಿದ ದಾರದಿಂದ ಒಂದೊಂದೇ ಗಂಟು ಹಾಕುತ್ತಾ ಕೈಯಲ್ಲೇ ಹೊಲಿಯುತ್ತಾರೆ. ಆಮೇಲೆ 'ಡೋಪ್' ಎಂಬ ದ್ರಾವಣ ಬಳಿದರೆ ಬಟ್ಟೆ ಕುಗ್ಗಿ, ಕಾಯಿಸಿದ ತಮಟೆಯ ಹಾಗೆ ಬಿಗಿಯಾಗುತ್ತದೆ. ನಮ್ಮೂರಿನ ಜೀನ್ಸ್ ಹೊಲಿಯುವವರಿಗೆ ಈ ಕೆಲಸ ಕಲಿಯುವುದು ದೊಡ್ಡ ಮಾತಲ್ಲ ಬಿಡಿ. ನಮ್ಮ ವಾಯುಪಡೆಯಲ್ಲಿ ಹಳೆಯ ವಿಮಾನಗಳನ್ನು ನೋಡಿಕೊಳ್ಳುವ ವಿಂಟೇಜ್ ಫ್ಲೈಟ್‌ಗಾಗಿ ಒಂದು ಟೈಗರ್ ಮಾತ್ ಹೀಗೆಯೇ ಹೊಸ ಜೀವ ಪಡೆಯಿತು. ಐರ್ಲೆಂಡಿನಲ್ಲಿ ಗುಜರಿಗೆ ಬಿದ್ದಿದ್ದ ಡಕೋಟಾ ಸಾಗಣೆ ವಿಮಾನ ಒಂದನ್ನು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿ, 2018ರಲ್ಲಿ ಇಲ್ಲಿಗೆ ಹಾರಿಸಿಕೊಂಡೇ ತಂದರು. ಈಗ ಅದರ ಹೆಸರು ಪರಶುರಾಮ.

ಲೋಹದ ವಿಮಾನಕ್ಕೆ ಬಂದರೆ ಭಾವನ ಅನುಭವ ತಲೆಕೆಳಗಾಗುತ್ತದೆ. ಉಕ್ಕನ್ನು ಕಾಯಿಸಿ ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ. ವಿಮಾನಕ್ಕೆ ಬಳಸುವ, ಅಲ್ಯುಮಿನಿಯಂಗೆ ತಾಮ್ರ ಬೆರೆಸಿದ ಡ್ಯುರಾಲುಮಿನ್ ಹಾಗಲ್ಲ. ಅದ್ದಿದ ಕೂಡಲೇ ಮೆತ್ತಗಿರುತ್ತದೆ. ಆಮೇಲೆ ಸುಮ್ನೆ ಇಟ್ಟರೂ ತಾನಾಗಿಯೇ ಗಟ್ಟಿಯಾಗುತ್ತಾ ಹೋಗುತ್ತದೆ, ಒಳಗಿನ ತಾಮ್ರದ ಪರಮಾಣುಗಳು ಅಲ್ಲಲ್ಲಿ ಗುಂಪುಗೂಡುವುದರಿಂದ. ಅದಕ್ಕೇ ತಗಡುಗಳನ್ನು ಜೋಡಿಸುವ ಕೆಲವು ರಿವೆಟ್‌ಗಳನ್ನು ಬಡಿಯುವವರೆಗೂ ಫ್ರೀಜರ್‌ನಲ್ಲಿ ಇಡುತ್ತಾರೆ. ತಂಪಿನಲ್ಲಿ ಗಟ್ಟಿಯಾಗುವುದು ನಿಧಾನ.

ಕೆಟ್ಟು ಬಿದ್ದ ಲೋಹದ ವಿಮಾನ ಎಬ್ಬಿಸುವ ಕೆಲಸ ನಮಗೆ ಹೊಸದೂ ಅಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಲಿಬರೇಟರ್ ಬಾಂಬರ್‌ಗಳನ್ನು ಕಾನ್ಪುರದಲ್ಲಿ ಬೇಕೆಂದೇ ಹಾಳು ಮಾಡಿ ಬಿಟ್ಟುಹೋಗಿದ್ದರು. ಬೆಂಗಳೂರಿನ ಎಚ್‌ಎಎಲ್ ಅವುಗಳಲ್ಲಿ ನಲವತ್ತರಷ್ಟನ್ನು ಎಬ್ಬಿಸಿತು. ಅವು 1968ರವರೆಗೂ ನಮ್ಮ ವಾಯುಪಡೆಯಲ್ಲಿ ದುಡಿದವು. ಒಂದಂತೂ ವಿದೇಶಕ್ಕೆ ಮಾರಾಟವಾಗಿ, 1989ರಲ್ಲಿ ಅಮೆರಿಕದಲ್ಲಿ ಮತ್ತೆ ಹಾರಿತು.

ಜೆಟ್ ವಿಮಾನದ ಕಥೆ ಬೇರೆ. ಬ್ರಿಟನ್ನಿನ ವಲ್ಕನ್ ಬಾಂಬರ್ ಒಂದು ಹದಿನಾಲ್ಕು ವರ್ಷ ನೆಲದ ಮೇಲಿದ್ದು 2007ರಲ್ಲಿ ಮತ್ತೆ ಹಾರಿತು. 2015ರಲ್ಲಿ ಹಾರಾಟ ನಿಂತೇಹೋಯಿತು. ಜನ ಕೈಬಿಡಲಿಲ್ಲ, ದೇಣಿಗೆ ಕೊಡುತ್ತಲೇ ಇದ್ದರು. ಆದರೆ ತಾಂತ್ರಿಕ ಹೊಣೆ ಹೊತ್ತಿದ್ದ ಕಂಪನಿಗಳು ಇನ್ನು ಸಾಕು ಎಂದವು. ಜೆಟ್ ಇಂಜಿನ್ನಿನ ತಿರುಗುವ ಬಿಲ್ಲೆಗಳಿಗೆ ಇಷ್ಟೇ ಗಂಟೆ ಎಂಬ ಆಯುಷ್ಯವಿದೆ. ಅದು ಮುಗಿದರೆ ಹೊಳೆಯುತ್ತಿದ್ದರೂ ತೆಗೆಯಲೇಬೇಕು. ಲೋಹ ದಣಿದಿರುವುದು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ನಂಬಬೇಕಾದ್ದು ಎಷ್ಟು ಗಂಟೆ ಓಡಿದೆ ಎಂದು ಬರೆದಿಟ್ಟ ಲೆಕ್ಕದ ಪುಸ್ತಕವನ್ನೇ. ಪುಸ್ತಕ ಕಳೆದರೆ ಇಂಜಿನ್ ಕೂಡ ಕಳೆದಂತೆ.

ಮಾರುತ್‌ಗೆ ಒಂದೆರಡು ಅನುಕೂಲ ಇವೆ. ಕಟ್ಟಿದ ಎಚ್‌ಎಎಲ್ ಇಲ್ಲೇ ಇದೆ. ಅದರೊಳಗಿನ ಆರ್ಫಿಯಸ್ ಇಂಜಿನ್ನಿನ ಸೋದರ ಮಾದರಿ ನ್ಯಾಟ್ ವಿಮಾನದಲ್ಲಿತ್ತು. ಬ್ರಿಟನ್ನಿನಲ್ಲಿ ಖಾಸಗಿಯವರು ನ್ಯಾಟ್ ಹಾರಿಸಿದ್ದಾರೆ. ಆದರೆ ಮಾರುತ್ ತಯಾರಾದದ್ದೇ 147. ಬಿಡಿಭಾಗಕ್ಕೆ ಬಿಚ್ಚಬಹುದಾದವು ಕೈಬೆರಳೆಣಿಕೆಯಷ್ಟು. ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಸೀಟಿನ ಸಿಡಿಮದ್ದಿಗೂ ಅವಧಿ ಇರುತ್ತದೆ. ಇನ್ನು ಅದನ್ನು ಹಾರಿಸಿ ಪಳಗಿದವರೆಲ್ಲ ಈಗ ಅಜ್ಜಂದಿರು.

ಹಾರಾಟದ ಆಸೆ ನನಗಿಲ್ಲ. ಇಂಜಿನ್ ಚಾಲೂ ಮಾಡಿ ರನ್‌ವೇ ಮೇಲೆ ಓಡಿಸಿದರೆ ಸಾಕು. ಬ್ರಿಟನ್ನಿನಲ್ಲಿ ಉಳಿದ ಕೆಲವು ವಲ್ಕನ್‌ಗಳನ್ನು ಹೀಗೆಯೇ ಓಡಿಸಿ ತೋರಿಸಿದ್ದಾರೆ. ಖರ್ಚೂ ಕಡಿಮೆ, ಅಪಾಯವೂ ಕಡಿಮೆ, ಸದ್ದು ಮಾತ್ರ ಅಸಲಿ.