ಎರಡನೇ ಸಾಕೆಟ್‌ನಿಂದ ವೇಗ ಇಮ್ಮಡಿಯಾಗುವುದಿಲ್ಲ

ಹೊಸ ಡೆಸ್ಕ್‌ಟಾಪ್ ಜೋಡಿಸಿಕೊಡಿ ಎಂದು ಬರುವವರಲ್ಲಿ ಆಗಾಗ ಯಾರಾದರೊಬ್ಬರು, ಎರಡು ಸಾಕೆಟ್, ಅಂದರೆ ಎರಡು ಪ್ರೊಸೆಸರ್ ಕೂರುವ ಜಾಗ, ಇರುವ ಮದರ್‌ಬೋರ್ಡೇ ಬೇಕೆಂದು ಪಟ್ಟು ಹಿಡಿಯುತ್ತಾರೆ. ಒಂದು ಪ್ರೊಸೆಸರ್ ಇಷ್ಟು ಕೆಲಸ ಮಾಡಿದರೆ ಎರಡು ಅದರ ಎರಡರಷ್ಟು ಮಾಡಬೇಕಲ್ಲವೇ ಎಂಬುದು ಅವರ ವಾದ. ಕೆಲವರಂತೂ 3 ಗಿಗಾಹರ್ಟ್ಸ್‌ನ ಎರಡು ಚಿಪ್ ಸೇರಿದರೆ 6 ಗಿಗಾಹರ್ಟ್ಸ್ ವೇಗ ಬರುತ್ತದೆ ಎಂದೇ ನಂಬಿರುತ್ತಾರೆ. ಎಷ್ಟು ಬಾರಿ ವಿವರಿಸಿದರೂ ಈ ನಂಬಿಕೆ ಅಳಿಯುತ್ತಿಲ್ಲವಾದ್ದರಿಂದ, ಈ ಒಂದು ವಿಷಯವನ್ನು ಇಲ್ಲಿ ಸಾವಧಾನವಾಗಿ ಹೇಳುತ್ತೇನೆ.

ಒಂದು ಕೋರ್ (ಪ್ರೊಸೆಸರ್‌ನೊಳಗೆ ಸ್ವತಂತ್ರವಾಗಿ ಲೆಕ್ಕ ಮಾಡುವ ಘಟಕ) ಮಾತ್ರ ದುಡಿದರೆ 100 ಸೆಕೆಂಡು ಹಿಡಿಯುವ ಕೆಲಸವೊಂದಿದೆ ಎಂದುಕೊಳ್ಳಿ. ಅದರಲ್ಲಿ 70 ಸೆಕೆಂಡಿನಷ್ಟನ್ನು ಹಲವು ಕೋರ್‌ಗಳಿಗೆ ಹಂಚಬಹುದು. ಉಳಿದ 30 ಸೆಕೆಂಡಿನ ಭಾಗದಲ್ಲಿ ಪ್ರತಿ ಹೆಜ್ಜೆಗೂ ಹಿಂದಿನ ಹೆಜ್ಜೆಯ ಫಲಿತಾಂಶ ಬೇಕಿರುವುದರಿಂದ ಅದನ್ನು ಹಂಚಲಾಗದು. 8 ಕೋರ್‌ಗಳ ಒಂದೇ ಪ್ರೊಸೆಸರ್ ಇದ್ದರೆ ಹಂಚಿದ ಭಾಗ ಸುಮಾರು 9 ಸೆಕೆಂಡಿಗೆ ಇಳಿದು, ಒಟ್ಟು ಕೆಲಸ 39 ಸೆಕೆಂಡಿನಲ್ಲಿ ಮುಗಿಯುತ್ತದೆ. ಅಂಥದ್ದೇ ಇನ್ನೊಂದು ಪ್ರೊಸೆಸರ್ ಸೇರಿಸಿ 16 ಕೋರ್ ಮಾಡಿದರೆ ಎಷ್ಟಾಗುತ್ತದೆ? 34 ಸೆಕೆಂಡಿಗಿಂತ ತುಸು ಹೆಚ್ಚು. ಪ್ರೊಸೆಸರ್ ಎರಡಾದರೂ ಉಳಿತಾಯವಾದದ್ದು 5 ಸೆಕೆಂಡಿಗಿಂತ ಕಡಿಮೆ ಸಮಯ. ಅದರ ಬದಲು, ಒಂದೊಂದು ಕೋರ್ ಒಂದೂವರೆ ಪಟ್ಟು ವೇಗವಾಗಿರುವ 8 ಕೋರ್‌ಗಳ ಒಂದೇ ಪ್ರೊಸೆಸರ್ ಕೊಂಡಿದ್ದರೆ ಅದೇ ಕೆಲಸ 26 ಸೆಕೆಂಡಿನಲ್ಲಿ ಮುಗಿಯುತ್ತಿತ್ತು, ಏಕೆಂದರೆ ಆ ಹಂಚಲಾಗದ 30 ಸೆಕೆಂಡು ಕೂಡ 20ಕ್ಕೆ ಇಳಿಯುತ್ತದೆ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟ ಈ ವಾದ ಇಂದಿಗೂ ಕದಲಿಲ್ಲ. ಬ್ರೌಸರ್, ಕಚೇರಿಯ ಕಡತಗಳು, ಫೋಟೊ ತಿದ್ದುವಿಕೆ, ಬಹುಪಾಲು ಆಟಗಳು ಎಲ್ಲವೂ ಈ ಹಂಚಲಾಗದ ಭಾಗವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೊತ್ತೇ ಇರುತ್ತವೆ. ನಿಮ್ಮ ತಂತ್ರಾಂಶದಲ್ಲಿ ಆ ಪ್ರಮಾಣ ಎಷ್ಟೆಂದು ಅಳೆಯದೆ ನಾನು ಹೇಳಲಾರೆ. ಆದರೆ ಅದು ಸೊನ್ನೆ ಇರುವುದು ಅಪರೂಪ.

ವಿಡಿಯೊ ಸಂಕಲನ ಮಾಡುವ ಯುವಕನೊಬ್ಬ, ಹಳೆಯ ಸರ್ವರ್‌ನಿಂದ ಕಳಚಿದ ಬೋರ್ಡನ್ನೂ ಎರಡು ಝಿಯಾನ್ ಇ5-2680 ವಿ4 ಪ್ರೊಸೆಸರ್‌ಗಳನ್ನೂ ಸೆಕೆಂಡ್‌ಹ್ಯಾಂಡ್ ಕೊಂಡು ಯಂತ್ರ ಕಟ್ಟಿಸಿಕೊಂಡಿದ್ದ. ಒಂದೊಂದರಲ್ಲಿ 14 ಕೋರ್, ಒಟ್ಟು 28 ಕೋರ್. ಒಂದೊಂದು ಕೋರ್ ಏಕಕಾಲಕ್ಕೆ ಕೆಲಸದ ಎರಡು ಎಳೆಗಳನ್ನು, ಅಂದರೆ ಥ್ರೆಡ್‌ಗಳನ್ನು, ನಡೆಸುವುದರಿಂದ 56 ಥ್ರೆಡ್. ಕಾಗದದ ಮೇಲೆ ಯಾರಿಗಾದರೂ ಆಸೆ ಹುಟ್ಟಿಸುವ ಸಂಖ್ಯೆಗಳು. ಟೈಮ್‌ಲೈನ್ ಮೇಲೆ ಕರ್ಸರ್ ಎಳೆದರೆ ಚಿತ್ರ ತಡೆತಡೆದು ಬರುತ್ತದೆ, ರ‍್ಯಾಮ್ ಕೆಟ್ಟಿರಬೇಕು ಎಂದು ಅದನ್ನು ನನ್ನ ಬಳಿ ತಂದ. ರ‍್ಯಾಮ್ ಚೆನ್ನಾಗಿಯೇ ಇತ್ತು. ಒಂದೊಂದು ಥ್ರೆಡ್ ಎಷ್ಟು ದುಡಿಯುತ್ತಿದೆಯೆಂದು ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಕರ್ಸರ್ ಎಳೆಯಲು ಅವನಿಗೇ ಹೇಳಿದೆ. ಪರದೆಯ ತುಂಬ 56 ಪುಟ್ಟ ಚೌಕಗಳು. ಅವುಗಳಲ್ಲಿ ಎರಡು ಮೂರರ ಗೆರೆ ಮಾತ್ರ ಮೇಲಕ್ಕೇರಿ ಅಲ್ಲೇ ನಿಂತಿತ್ತು, ಮಿಕ್ಕವು ತಳದಲ್ಲಿ ಮಲಗಿದ್ದವು. 2016ರ ಆ ಚಿಪ್‌ನ ಕೋರ್ ಹೆಚ್ಚೆಂದರೆ 3.3 ಗಿಗಾಹರ್ಟ್ಸ್ ಮುಟ್ಟುತ್ತದೆ. ಅವನು ಕಾಯುತ್ತಿದ್ದದ್ದು ಆ ಎರಡು ಮೂರು ಥ್ರೆಡ್‌ಗಳಿಗಾಗಿ, ಅವು ನಿಧಾನವಾಗಿದ್ದವು, ಅಷ್ಟೇ. ಅವನ ಶ್ರದ್ಧೆಯ ಬಗ್ಗೆ ನನಗೆ ಮೆಚ್ಚುಗೆಯಿದೆ. ಒಂದೊಂದು ಕೇಬಲ್ಲನ್ನೂ ಅಚ್ಚುಕಟ್ಟಾಗಿ ಕಟ್ಟಿದ್ದ. ಅಂಥವರ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುವುದನ್ನು ಕಂಡಾಗಲೇ ನನಗೆ ಹೆಚ್ಚು ಬೇಸರವಾಗುವುದು.

ಇನ್ನೊಂದು ತೊಡಕು ಮೆಮೊರಿಯದು. ಈಗಿನ ಎರಡು ಸಾಕೆಟ್‌ಗಳ ಬೋರ್ಡ್‌ನಲ್ಲಿ ರ‍್ಯಾಮ್ ಒಂದೇ ರಾಶಿಯಾಗಿರುವುದಿಲ್ಲ. ಅರ್ಧ ಒಂದು ಪ್ರೊಸೆಸರ್‌ಗೆ, ಅರ್ಧ ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ಒಂದರಲ್ಲಿ ಓಡುತ್ತಿರುವ ಪ್ರೋಗ್ರಾಮಿಗೆ ಇನ್ನೊಂದರ ಕಡೆಯಿರುವ ದತ್ತಾಂಶ ಬೇಕಾದರೆ, ಅದು ಎರಡೂ ಚಿಪ್‌ಗಳ ನಡುವಿನ ಕೊಂಡಿಯನ್ನು ದಾಟಿ ಬರಬೇಕು, ಮತ್ತು ಈ ದಾರಿ ತನ್ನದೇ ಮೆಮೊರಿಯನ್ನು ಓದುವುದಕ್ಕಿಂತ ಗಣನೀಯವಾಗಿ ನಿಧಾನ. ಸರ್ವರ್ ತಂತ್ರಾಂಶ ಬರೆಯುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಬರೆಯುತ್ತಾರೆ. ಆಟ ಬರೆಯುವವರಿಗೆ ಆ ಗೊಡವೆಯೇ ಇಲ್ಲ. ಹೀಗಾಗಿ ಎರಡನೇ ಪ್ರೊಸೆಸರ್ ಹಾಕಿದ ಮೇಲೆ ಆಟ ಇನ್ನಷ್ಟು ನಿಧಾನವಾದರೂ ಅಚ್ಚರಿಪಡಬೇಕಿಲ್ಲ.

ಎರಡು ಸಾಕೆಟ್‌ಗಳ ಮೋಹಕ್ಕೆ ಅರ್ಥವಿದ್ದ ಕಾಲವೊಂದಿತ್ತು ಎಂಬುದನ್ನು ಒಪ್ಪುತ್ತೇನೆ. 1999ರಲ್ಲಿ ಬಂದ ಅಬಿಟ್ ಬಿಪಿ6 ಬೋರ್ಡ್ ಎರಡು ಅಗ್ಗದ ಸೆಲೆರಾನ್‌ಗಳನ್ನು ಜೊತೆಯಾಗಿ ದುಡಿಸುತ್ತಿತ್ತು. ಇಂಟೆಲ್ ಆ ಚಿಪ್ಪನ್ನು ಜೋಡಿಯಾಗಿ ಬಳಸಲೆಂದು ಮಾರುತ್ತಿರಲೇ ಇಲ್ಲ. ಆಗ ಪ್ರೊಸೆಸರ್ ಎಂದರೆ ಒಂದೇ ಕೋರ್. ಒಂದು ಪ್ರೋಗ್ರಾಮ್ ಅದನ್ನು ಪೂರ್ತಿ ಹಿಡಿದುಕೊಂಡರೆ ಇಡೀ ಯಂತ್ರ ಸ್ತಬ್ಧವಾಗುತ್ತಿತ್ತು, ಎರಡನೆಯದಿದ್ದರೆ ಉಸಿರಾಡಲು ಅವಕಾಶವಿತ್ತು. ಅದಕ್ಕೂ ವಿಂಡೋಸ್ ಎನ್‌ಟಿ ಅಥವಾ 2000 ಬೇಕಿತ್ತು, ವಿಂಡೋಸ್ 98 ಎರಡನೇ ಪ್ರೊಸೆಸರನ್ನು ಬಳಸುತ್ತಲೇ ಇರಲಿಲ್ಲ. 2005ರಲ್ಲಿ ಪೆಂಟಿಯಂ ಡಿ ಮತ್ತು ಅಥ್ಲಾನ್ 64 ಎಕ್ಸ್2 ಒಂದೇ ಸಾಕೆಟ್‌ಗೆ ಎರಡು ಕೋರ್ ತಂದವು. ಮರುವರ್ಷ ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿ ಕ್ವಾಡ್ ಎಫ್‌ಎಕ್ಸ್ ಹೆಸರಿನಲ್ಲಿ ಎರಡು ಸಾಕೆಟ್‌ಗಳ ಡೆಸ್ಕ್‌ಟಾಪನ್ನು ಮಾರಲು ಹೊರಟಾಗ, ಇಂಟೆಲ್ ಬಳಿ ಒಂದೇ ಸಾಕೆಟ್‌ನಲ್ಲಿ ಕೂರುವ ನಾಲ್ಕು ಕೋರ್‌ಗಳ ಚಿಪ್ ಇತ್ತು. 2008ರಲ್ಲಿ ಇಂಟೆಲ್ ಕೂಡ ಸ್ಕಲ್‌ಟ್ರೇಲ್ ಎಂಬ ಅಂಥದ್ದೇ ಯಂತ್ರ ತಂದಿತು. ಅದೂ ಜನಸಾಮಾನ್ಯರ ಮೇಜಿಗೆ ಬರಲಿಲ್ಲ. 2020ರ ಥ್ರೆಡ್‌ರಿಪ್ಪರ್ 3990ಎಕ್ಸ್‌ನಲ್ಲಿ ಒಂದೇ ಸಾಕೆಟ್‌ಗೆ 64 ಕೋರ್‌ಗಳಿವೆ.

ಈಗ ಒಂದು ಪ್ರೊಸೆಸರ್ ಹಾಕಿ, ಮುಂದೆ ಹಣವಾದಾಗ ಇನ್ನೊಂದು ಸೇರಿಸುತ್ತೇನೆ ಎನ್ನುವವರಿಗೆ ಎರಡು ಮಾತು. ಮಾಮೂಲಿ ಇಂಟೆಲ್ ಕೋರ್ ಐ7 ಅಥವಾ ಎಎಂಡಿ ರೈಜನ್ ಪ್ರೊಸೆಸರ್‌ಗಳಿಗೆ ಇನ್ನೊಂದು ಪ್ರೊಸೆಸರ್ ಜೊತೆ ಬೆಸೆದುಕೊಳ್ಳುವ ಕೊಂಡಿಯೇ ಇರುವುದಿಲ್ಲ, ಅದಕ್ಕೆ ಸರ್ವರ್ ವರ್ಗದ ಚಿಪ್ಪೇ ಆಗಬೇಕು. ಎರಡನೇ ಸಾಕೆಟ್ ಖಾಲಿಯಿದ್ದರೆ ಅದಕ್ಕೆ ಸೇರಿದ ರ‍್ಯಾಮ್ ಸ್ಲಾಟ್‌ಗಳೂ ವಿಸ್ತರಣಾ ಸ್ಲಾಟ್‌ಗಳೂ ಸತ್ತಂತೆಯೇ. ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದೆ ಎಂದು ತಂದ ಯಂತ್ರಗಳಲ್ಲಿ ಕಾರ್ಡನ್ನು ಅಂಥ ಸ್ಲಾಟ್‌ಗೆ ಸಿಕ್ಕಿಸಿದ್ದನ್ನು ನೋಡಿದ್ದೇನೆ. ಜೊತೆಗೆ ವಿಂಡೋಸ್ ಹೋಮ್ ಒಂದೇ ಸಾಕೆಟ್ಟನ್ನು ಬಳಸುತ್ತದೆ. ಎರಡಕ್ಕೆ ಪ್ರೊ ಆವೃತ್ತಿ ಬೇಕು.

ಹಾಗೆಂದು ಇಂಥ ಬೋರ್ಡ್ ಯಾರಿಗೂ ಬೇಡವೆಂದು ನಾನು ಹೇಳುತ್ತಿಲ್ಲ. ಹತ್ತಾರು ವರ್ಚುಯಲ್ ಯಂತ್ರಗಳನ್ನು (ಒಂದೇ ಕಂಪ್ಯೂಟರ್‌ನೊಳಗೆ ತಂತ್ರಾಂಶದಿಂದ ರೂಪಿಸಿದ ಬೇರೆ ಬೇರೆ ಕಂಪ್ಯೂಟರ್‌ಗಳನ್ನು) ಹಗಲಿರುಳು ಓಡಿಸುವವರಿಗೆ, ದ್ರವಗಳ ಹರಿವನ್ನು ಗಣಿಸುವಂಥ ಮೆಮೊರಿ ಹಸಿವಿನ ಕೆಲಸದವರಿಗೆ, ಮಾಮೂಲಿ ಬೋರ್ಡ್ ಹಿಡಿಸಲಾರದಷ್ಟು ರ‍್ಯಾಮ್ ಬೇಕಾದವರಿಗೆ ಅದರಿಂದ ನಿಜವಾದ ಉಪಯೋಗವಿದೆ. ಅಂಥವರು ಸಾಮಾನ್ಯವಾಗಿ ತಮ್ಮ ತಂತ್ರಾಂಶದ ಹೆಸರನ್ನೂ ಅಗತ್ಯವನ್ನೂ ಬರೆದುಕೊಂಡೇ ಬರುತ್ತಾರೆ. ನಿಮಗೆ ಸಂದೇಹವಿದ್ದರೆ, ಈಗಿರುವ ಯಂತ್ರದಲ್ಲೇ ನಿಮ್ಮನ್ನು ಅತಿ ಹೆಚ್ಚು ಕಾಯಿಸುವ ಕೆಲಸಕ್ಕೆ ಕೈಹಾಕಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರತಿ ಥ್ರೆಡ್‌ನ ಚೌಕವೂ ಪ್ರತ್ಯೇಕವಾಗಿ ಕಾಣುವಂತೆ ಮಾಡಿಕೊಂಡು, ಕೆಲಸ ಮುಗಿಯುವವರೆಗೂ ನೋಡುತ್ತಾ ಕೂರಿ. ಎಲ್ಲ ಚೌಕಗಳೂ ಉದ್ದಕ್ಕೂ ತುಂಬಿಯೇ ಇದ್ದರೆ ಮೊದಲು ಹೆಚ್ಚು ಕೋರ್‌ಗಳ ಒಂದೇ ಪ್ರೊಸೆಸರ್ ಬಗ್ಗೆ ವಿಚಾರಿಸಿ. ಅದೂ ಸಾಲದೆಂದು ಲೆಕ್ಕ ತೋರಿಸಿದರೆ ಎರಡನೇ ಸಾಕೆಟ್ ಬಗ್ಗೆ ಮಾತಾಡೋಣ.