ರಸ್ತೆ ಮುಟ್ಟಿದೆ, ಆದರೆ ಸೇರಿಲ್ಲ

ಒಂದು ಹಳ್ಳಿ ಅಂದುಕೊಳ್ಳಿ. ಊರೊಳಗಿಂದ ಹೊರಟು, ಹಾಲಿನ ಡೇರಿ ಮುಂದೆ ಹಾದು, ಮುಖ್ಯರಸ್ತೆಗೆ ಹೋಗುವ ಒಂದು ಮಣ್ಣಿನ ರಸ್ತೆ ಇದೆ. ಅದು ಯಾವ ಮ್ಯಾಪಿನಲ್ಲೂ ಇಲ್ಲ. ಆ ಊರಿನ ಕಾಲೇಜು ಹುಡುಗಿಯೊಬ್ಬಳು, ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ಮ್ಯಾಪ್ ಆದ ಓಪನ್‌ಸ್ಟ್ರೀಟ್‌ಮ್ಯಾಪ್ ತೆರೆದು, ಉಪಗ್ರಹ ಚಿತ್ರ ನೋಡಿಕೊಂಡು, ಆ ರಸ್ತೆಯ ಗೆರೆ ಎಳೆಯುತ್ತಾಳೆ. ಗೆರೆ ಮುಖ್ಯರಸ್ತೆಗೆ ಬಂದು ಮುಟ್ಟುತ್ತದೆ. ಸೇವ್ ಮಾಡುತ್ತಾಳೆ. ನೋಡಲು ಎಲ್ಲ ಸರಿಯಾಗಿಯೇ ಇದೆ. ಆದರೆ ಈ ಮ್ಯಾಪನ್ನು ನಂಬಿದ ದಾರಿ ತೋರಿಸುವ ಆ್ಯಪ್, ಮುಖ್ಯರಸ್ತೆಯಲ್ಲಿ ಬರುವ ಹಾಲಿನ ವ್ಯಾನನ್ನು ಡೇರಿಯ ತಿರುವಿನಲ್ಲಿ ತಿರುಗಿಸುವುದಿಲ್ಲ. ಸುಮ್ನೆ ಊರೆಲ್ಲ ಸುತ್ತಿಸಿ ಹಿಂದಿನಿಂದ ಕರೆದುಕೊಂಡು ಬರುತ್ತದೆ.

ಅವಳ ಗೆರೆ ಮುಖ್ಯರಸ್ತೆಯನ್ನು ಮುಟ್ಟಿದೆ, ಸೇರಿಲ್ಲ. ಈ ವ್ಯತ್ಯಾಸ ಹೊಸಬರಿಗೆ ಕಾಣುವುದೇ ಇಲ್ಲ. ಹಳಬರಿಗೆ ಎಷ್ಟು ಅಭ್ಯಾಸವಾಗಿರುತ್ತದೆ ಅಂದರೆ, ಒಂದು ಕಾಲದಲ್ಲಿ ತಮಗೂ ಕಾಣುತ್ತಿರಲಿಲ್ಲ ಅನ್ನುವುದನ್ನೇ ಮರೆತಿರುತ್ತಾರೆ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಹಳಬರು ಹೊಸಬರಿಗೆ ಬರೆಯುವ ಕಾಮೆಂಟುಗಳು ಕೆಡುವುದು ಸಾಮಾನ್ಯವಾಗಿ ಇಲ್ಲೇ.

ಮ್ಯಾಪ್ ಅಂದರೆ ಚಿತ್ರ ಅಂತ ನಾವೆಲ್ಲ ತಿಳಿದಿದ್ದೇವೆ. ಶಾಲೆಯ ಗೋಡೆಯ ಮೇಲೆ ನಕ್ಷೆ ನೋಡಿ ಬೆಳೆದವರು, ಅಲ್ವಾ? ಆದರೆ ಇದರ ಒಳಗೆ ಚಿತ್ರವೇ ಇಲ್ಲ. ಇರುವುದು ಉದ್ದನೆಯ ಪಟ್ಟಿಗಳು. ನೋಡ್ ಅಂದರೆ ಒಂದು ಬಿಂದು. ಅದಕ್ಕೊಂದು ಸಂಖ್ಯೆ, ಒಂದು ಅಕ್ಷಾಂಶ, ಒಂದು ರೇಖಾಂಶ. ರಸ್ತೆ ಅಂದರೆ ಆ ಬಿಂದುಗಳ ಸಂಖ್ಯೆಗಳನ್ನು ಸಾಲಾಗಿ ಜೋಡಿಸಿದ ಪಟ್ಟಿ. ಅದರ ಮೇಲೆ ‘ಇದು ಮಣ್ಣಿನ ರಸ್ತೆ’, ‘ಇದರ ಹೆಸರು ಇಂಥದ್ದು’ ಎಂದು ಹೇಳುವ ಟ್ಯಾಗುಗಳು. ನಾವು ನೋಡುವ ಬಣ್ಣದ ಮ್ಯಾಪ್ ಈ ಪಟ್ಟಿಗಳನ್ನು ಓದಿ ಆಮೇಲೆ ಬಿಡಿಸಿದ್ದು.

ಎರಡು ರಸ್ತೆ ಕೂಡಿವೆ ಎನ್ನಬೇಕಾದರೆ ಎರಡರ ಪಟ್ಟಿಯಲ್ಲೂ ಒಂದೇ ಸಂಖ್ಯೆಯ ನೋಡ್ ಇರಬೇಕು. ಅರ್ಧ ಮೀಟರ್ ದೂರದಲ್ಲಿ ಇನ್ನೊಂದು ನೋಡ್ ಇದ್ದರೆ ಸಾಲದು. ಅಷ್ಟೇ ಏಕೆ, ಸರಿಯಾಗಿ ಅದೇ ಜಾಗದಲ್ಲಿ ಬೇರೆ ಸಂಖ್ಯೆಯ ನೋಡ್ ಇದ್ದರೂ ಸಾಲದು. ಎರಡು ವೈರುಗಳನ್ನು ಪಕ್ಕಪಕ್ಕ ಮಲಗಿಸಿದ ಮಾತ್ರಕ್ಕೆ ಬಲ್ಬ್ ಉರಿಯುತ್ತದೆಯೇ? ತಾಮ್ರಕ್ಕೆ ತಾಮ್ರ ಸೇರಿಸಿ ತಿರುಚಬೇಕು. ಇದೂ ಹಾಗೆಯೇ.

ದಾರಿ ಹುಡುಕುವ ಆ್ಯಪ್ ಏಕೆ ಇಷ್ಟು ಹಟಮಾರಿ ಎಂದು ತಿಳಿಯಲು 1736ಕ್ಕೆ ಹೋಗಬೇಕು. ಕೋನಿಗ್ಸ್‌ಬರ್ಗ್ ಎಂಬ ಊರು, ಈಗ ರಷ್ಯಾದ ಕಲಿನಿನ್‌ಗ್ರಾಡ್. ಮಧ್ಯೆ ನದಿ, ಏಳು ಸೇತುವೆ. ಪ್ರತಿ ಸೇತುವೆಯನ್ನೂ ಒಂದೊಂದೇ ಸಲ ದಾಟಿ ಊರು ಸುತ್ತಿ ಬರಲು ಸಾಧ್ಯವೇ ಎಂಬುದು ಪ್ರಶ್ನೆ. ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಮಾಡಿದ ಚಮತ್ಕಾರ ಏನೆಂದರೆ ಮ್ಯಾಪನ್ನೇ ಎಸೆದದ್ದು. ಸೇತುವೆಯ ಉದ್ದ ಬೇಡ, ನದಿಯ ತಿರುವು ಬೇಡ, ಬೀದಿಯ ಆಕಾರ ಬೇಡ. ಯಾವ ದಡ ಯಾವ ದಡಕ್ಕೆ ಎಷ್ಟು ಸೇತುವೆಯಿಂದ ಸೇರಿದೆ, ಅಷ್ಟೇ ಸಾಕು. ನಾಲ್ಕು ತುಂಡು ನೆಲ. ಒಂದಕ್ಕೆ ಐದು ಸೇತುವೆ, ಉಳಿದ ಮೂರಕ್ಕೆ ಮೂರು ಮೂರು. ಎಲ್ಲವೂ ಬೆಸ ಸಂಖ್ಯೆ, ಹಾಗಾಗಿ ಅಂಥ ನಡಿಗೆ ಸಾಧ್ಯವೇ ಇಲ್ಲ ಎಂದು ತೋರಿಸಿಬಿಟ್ಟ. ಎಡ್ಸ್‌ಖರ್ ಡೈಕ್‌ಸ್ಟ್ರ 1959ರಲ್ಲಿ ಪ್ರಕಟಿಸಿದ ಅತಿ ಹತ್ತಿರದ ದಾರಿ ಹುಡುಕುವ ವಿಧಾನವೂ ಇದೇ ನೆಲದ ಮೇಲೆ ನಿಂತಿದೆ. ಇವತ್ತಿನ ಆ್ಯಪುಗಳು ಅದರ ಮೊಮ್ಮಕ್ಕಳು. ಅವಕ್ಕೆ ಕಣ್ಣಿಲ್ಲ. ಸೇರಿದೆಯೋ ಇಲ್ಲವೋ ಎಂಬುದೇ ಅವು ಮೊದಲು ಕೇಳುವ ಪ್ರಶ್ನೆ.

ಹಾಗಾದರೆ ಗೆರೆ ಗೆರೆ ದಾಟಿದ ಕಡೆಯೆಲ್ಲ ನೋಡ್ ಹಾಕಿ ಸೇರಿಸಿಬಿಟ್ಟರಾಯಿತಲ್ಲ? ಬೆಂಗಳೂರಿನ ಯಾವುದಾದರೂ ಫ್ಲೈಓವರ್ ನೆನಪಿಸಿಕೊಳ್ಳಿ. ಮೇಲಿನ ರಸ್ತೆ ಕೆಳಗಿನ ರಸ್ತೆಯನ್ನು ದಾಟುತ್ತದೆ, ಸೇರುವುದಿಲ್ಲ. ಅಲ್ಲಿ ನೋಡ್ ಹಾಕಿ ಸೇರಿಸಿದರೆ ಆ್ಯಪ್ ನಿಮಗೆ ಫ್ಲೈಓವರ್ ನಡುವೆ ‘ಎಡಕ್ಕೆ ತಿರುಗಿ’ ಎನ್ನುತ್ತದೆ. ಬ್ರೌಸರಿನಲ್ಲಿ ಎಡಿಟ್ ಮಾಡುವ ಐಡಿ ಎಂಬ ಸಾಧನ ಸೇವ್ ಮಾಡುವ ಮೊದಲೇ ‘ಈ ಎರಡು ರಸ್ತೆ ಒಂದನ್ನೊಂದು ದಾಟುತ್ತಿವೆ’ ಎಂದು ಎಚ್ಚರಿಸುತ್ತದೆ, ನಿಜ. ಸೇರಿಸಲೋ, ಸೇತುವೆ ಮಾಡಲೋ ಎಂದೂ ಕೇಳುತ್ತದೆ. ಹೊಸಬರು ಎಚ್ಚರಿಕೆ ಹೋದರೆ ಸಾಕೆಂದು ಎರಡರಲ್ಲಿ ಒಂದನ್ನು ಒತ್ತುತ್ತಾರೆ. ಅಲ್ಲಿ ನಿಜವಾಗಿ ಏನಿದೆ ಎಂದು ಯಂತ್ರಕ್ಕೆ ಗೊತ್ತಿಲ್ಲ. ದೂರದ ಊರಿನಲ್ಲಿ ಕುಳಿತು ಪರಿಶೀಲಿಸುವ ಹಳಬನಿಗೂ ಗೊತ್ತಿಲ್ಲ. ಗೊತ್ತಿರುವುದು ಆ ಊರಿನ ಹೊಸಬಳಿಗೆ ಮಾತ್ರ.

ಈಗ ಕಾಮೆಂಟಿಗೆ ಬರೋಣ. ಇಲ್ಲಿ ಪ್ರತಿ ಸಲ ಸೇವ್ ಮಾಡಿದಾಗಲೂ ಆ ಬದಲಾವಣೆಗಳ ಒಂದು ಕಟ್ಟು ಆಗುತ್ತದೆ. ಅದಕ್ಕೆ ಚೇಂಜ್‌ಸೆಟ್ ಎನ್ನುತ್ತಾರೆ. ಮುಂಚೆಯೇ ಯಾರ ಒಪ್ಪಿಗೆಯೂ ಬೇಕಿಲ್ಲ. ಒತ್ತಿದ ಕೂಡಲೇ ದತ್ತಾಂಶಕ್ಕೆ ಸೇರುತ್ತದೆ. ಪರಿಶೀಲನೆ ಏನಿದ್ದರೂ ಆಮೇಲೆ. ಖಾತೆ ಇರುವ ಯಾರು ಬೇಕಾದರೂ ಆ ಚೇಂಜ್‌ಸೆಟ್ ಕೆಳಗೆ ಕಾಮೆಂಟ್ ಬರೆಯಬಹುದು, ಅದು ಎಡಿಟ್ ಮಾಡಿದವರಿಗೆ ಈಮೇಲ್ ಆಗಿ ಹೋಗುತ್ತದೆ. ‘ನನ್ನ ಎಡಿಟನ್ನು ಯಾರಾದರೂ ನೋಡಿ ಹೇಳಿ’ ಎಂದು ಟಿಕ್ ಮಾಡಲು ಐಡಿಯಲ್ಲಿ ಜಾಗವೂ ಇದೆ. ಹೊಸಬರು ತಾವಾಗಿ ಕೇಳುತ್ತಿದ್ದಾರೆ ಅಂದಾಯಿತು. ನಾವು ಬರೆಯುವುದೇನು?

‘ರಸ್ತೆ ಕನೆಕ್ಟ್ ಆಗಿಲ್ಲ. ದಯವಿಟ್ಟು ವಿಕಿ ಓದಿ, ಸರಿಯಾಗಿ ಕಲಿತು ಎಡಿಟ್ ಮಾಡಿ. ರಿವರ್ಟ್ ಮಾಡಿದ್ದೇನೆ.’

ವಿಕಿ ಅಂದರೆ ಇಲ್ಲಿ ಈ ಮ್ಯಾಪಿನ ಸಹಾಯ ಪುಟಗಳು, ರಿವರ್ಟ್ ಅಂದರೆ ಎಡಿಟನ್ನು ರದ್ದು ಮಾಡಿ ಮೊದಲಿನ ಸ್ಥಿತಿಗೆ ತರುವುದು. ಇದರಲ್ಲಿ ಬೈಗುಳ ಇಲ್ಲ, ಸುಳ್ಳೂ ಇಲ್ಲ. ‘ದಯವಿಟ್ಟು’ ಕೂಡ ಇದೆ. ಆದರೂ ಇದು ಕೆಲಸಕ್ಕೆ ಬಾರದ ಕಾಮೆಂಟ್. ಯಾಕೆ ಅಂತ ಮನಶ್ಶಾಸ್ತ್ರದಲ್ಲಿ ಒಳ್ಳೆಯ ಉತ್ತರ ಇದೆ. 1996ರಲ್ಲಿ ಅವ್ರಹಾಂ ಕ್ಲೂಗರ್ ಮತ್ತು ಆಂಜೆಲೊ ಡಿನಿಸಿ ಎಂಬ ಇಬ್ಬರು, ಅಲ್ಲಿಯವರೆಗೆ ಫೀಡ್‌ಬ್ಯಾಕ್ ಬಗ್ಗೆ ನಡೆದ ಪ್ರಯೋಗಗಳನ್ನು ಒಟ್ಟು ಮಾಡಿ 607 ಫಲಿತಾಂಶಗಳನ್ನು ಅಳೆದರು. ಸರಾಸರಿ ನೋಡಿದರೆ ಫೀಡ್‌ಬ್ಯಾಕ್ ಕೊಟ್ಟಾಗ ಕೆಲಸ ಉತ್ತಮವಾಗಿತ್ತು. ಆದರೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಸಂದರ್ಭಗಳಲ್ಲಿ ಕೆಲಸ ಕೆಟ್ಟಿತ್ತು! ‘ಏನೋ ಒಂದು ಹೇಳಿದರೆ ಕಲಿಯುತ್ತಾರೆ ಬಿಡಿ’ ಎನ್ನುವವರು ಇದನ್ನು ಸ್ವಲ್ಪ ಗಮನಿಸಬೇಕು.

ಅವರು ಕೊಟ್ಟ ವಿವರಣೆ ನನಗೆ ತುಂಬಾ ಇಷ್ಟ. ಮನುಷ್ಯನ ಗಮನ ಒಂದು ಹೊತ್ತಿಗೆ ಎಲ್ಲ ಕಡೆ ಇರುವುದಿಲ್ಲ. ಮಾತು ಕೆಲಸದ ಬಗ್ಗೆ ಇದ್ದಾಗ ಗಮನ ಕೆಲಸದ ಮೇಲೆ ನಿಲ್ಲುತ್ತದೆ: ಈ ಗೆರೆ, ಈ ನೋಡ್, ಈ ತುದಿ. ಮಾತು ವ್ಯಕ್ತಿಯ ಕಡೆ ತಿರುಗಿದರೆ ಗಮನವೂ ಅತ್ತ ಜಾರುತ್ತದೆ: ನಾನು ದಡ್ಡಿಯಾ? ಇವರು ನನ್ನ ಬಗ್ಗೆ ಏನಂದುಕೊಂಡರು? ನನಗಿದು ಬೇಕಿತ್ತಾ? ಆ ಯೋಚನೆಗೆ ಖರ್ಚಾದ ಗಮನ ಕಲಿಯುವುದಕ್ಕೆ ಉಳಿಯುವುದಿಲ್ಲ. ಹೊಗಳಿಕೆಗೂ ಇದೇ ಗತಿ. ‘ನೀವು ಬಹಳ ಜಾಣೆ’ ಅಂದರೂ ಗಮನ ನೋಡ್ ಬಿಟ್ಟು ಜಾಣತನದ ಕಡೆ ಹೋಯಿತು. ಮೇಲಿನ ಕಾಮೆಂಟಿನಲ್ಲಿ ‘ಸರಿಯಾಗಿ ಕಲಿತು’ ಎಂಬ ಎರಡೇ ಪದ ಇಡೀ ಕೆಲಸ ಕೆಡಿಸಿವೆ. ಜೊತೆಗೆ, ಎಲ್ಲಿ ಸೇರಿಲ್ಲ ಎಂದು ಹೇಳದೆ ವಿಕಿಯ ಅಷ್ಟೂ ಪುಟಗಳ ಕಡೆ ಕೈ ತೋರಿಸಿದೆ.

ಇನ್ನೊಂದು ಹೀಗೆ ಬರೆಯಬಹುದು:

‘ನಮಸ್ಕಾರ. ಡೇರಿ ರಸ್ತೆ ಹಾಕಿದ್ದಕ್ಕೆ ಥ್ಯಾಂಕ್ಸ್, ಇಲ್ಲಿವರೆಗೂ ಅದು ಮ್ಯಾಪಿನಲ್ಲಿ ಇರಲಿಲ್ಲ. ಒಂದು ವಿಷಯ. ಮುಖ್ಯರಸ್ತೆಯ ಕಡೆಯ ತುದಿ ಸೇರಿದ ಹಾಗೆ ಕಾಣುತ್ತದೆ, ಆದರೆ ಎರಡಕ್ಕೂ ಸೇರಿದ ನೋಡ್ ಇಲ್ಲ. ಹಾಗಾಗಿ ಆ್ಯಪುಗಳು ಅಲ್ಲಿ ತಿರುಗಿಸುವುದಿಲ್ಲ. ತುದಿಯ ಬಿಂದುವನ್ನು ಹಿಡಿದು ಮುಖ್ಯರಸ್ತೆಯ ಗೆರೆಯ ಮೇಲೆ ತಂದು ಬಿಟ್ಟರೆ ಸೇರಿಕೊಳ್ಳುತ್ತದೆ. ನೀವೇ ಮಾಡಿ ನೋಡುತ್ತೀರಾ? ಮತ್ತೆ, ಡೇರಿಯ ಆಚೆ ಹಳ್ಳ ದಾಟುವ ಕಡೆ ಮರ ಮುಚ್ಚಿಕೊಂಡು ಚಿತ್ರದಲ್ಲಿ ಏನೂ ಕಾಣುತ್ತಿಲ್ಲ. ಅಲ್ಲಿ ಸೇತುವೆ ಇದೆಯಾ, ಇಲ್ಲ ನೀರಿನಲ್ಲೇ ಇಳಿದು ದಾಟಬೇಕಾ?’

ಕೊನೆಯ ಪ್ರಶ್ನೆಯನ್ನು ಮರ್ಯಾದೆಗೆ ಕೇಳಿದ್ದಲ್ಲ. ಸೇತುವೆಗೆ ಒಂದು ಟ್ಯಾಗ್, ನೀರಿನಲ್ಲಿ ಇಳಿದು ದಾಟುವ ಜಾಗಕ್ಕೆ ಬೇರೆ ಟ್ಯಾಗ್. ಮಳೆಗಾಲದಲ್ಲಿ ಆ ರಸ್ತೆಯನ್ನು ನಂಬಬಹುದೋ ಇಲ್ಲವೋ ಎನ್ನುವುದೇ ಅದರ ಮೇಲೆ ನಿಂತಿದೆ. ಅವಳು ಉತ್ತರಿಸಿದರೆ ಮ್ಯಾಪಿಗೆ ಹೊಸ ಸಂಗತಿ ಸಿಕ್ಕಿತು, ಅವಳಿಗೆ ಎರಡನೇ ಎಡಿಟ್ ಮಾಡಲು ಕಾರಣವೂ ಸಿಕ್ಕಿತು.

‘ಇಷ್ಟೆಲ್ಲ ಯಾರು ಬರೀತಾರೆ, ನಾನೇ ಸದ್ದಿಲ್ಲದೆ ಸರಿಮಾಡಿಬಿಡ್ತೀನಿ’ ಎನ್ನುವ ಹಳಬರು ಬಹಳ. ಅದು ಔದಾರ್ಯದಂತೆ ಕಾಣುತ್ತದೆ. ಆದರೆ ಅವಳ ಪರದೆಯಲ್ಲಿ ಮೊದಲೂ ಸರಿಯಿತ್ತು, ಈಗಲೂ ಸರಿಯಿದೆ. ಏನೂ ಬದಲಾಗಿಲ್ಲ. ಮುಂದಿನ ಇಪ್ಪತ್ತು ರಸ್ತೆಗಳನ್ನೂ ಅವಳು ಮುಟ್ಟಿಸಿ ಬಿಡುತ್ತಾಳೆ. ಆಮೇಲೆ ಅದೇ ಹಳಬರು ಸಿಟ್ಟಾಗಿ ಮೇಲಿನ ಮೊದಲ ಕಾಮೆಂಟ್ ಬರೆಯುತ್ತಾರೆ.

ಇದರ ಬೆಲೆ ಎಷ್ಟಾಗಬಹುದು ಎಂದು ವಿಕಿಪೀಡಿಯ ತೋರಿಸಿಕೊಟ್ಟಿದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಕ್ರಿಯವಾಗಿ ಬರೆಯುವವರ ಸಂಖ್ಯೆ 2007ರವರೆಗೆ ಏರುತ್ತಲೇ ಹೋಗಿ ಆಮೇಲೆ ಇಳಿಯತೊಡಗಿತು. ಆರನ್ ಹಾಫೇಕರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾರಣ ಹುಡುಕಿದರು. ಕಿಡಿಗೇಡಿಗಳನ್ನು ತಡೆಯಲು ಕಟ್ಟಿದ ಅರೆ ಸ್ವಯಂಚಾಲಿತ ಸಾಧನಗಳು ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರ ಬರಹವನ್ನೂ ಅಳಿಸಿಹಾಕುತ್ತಿದ್ದವು. ಹಾಗೆ ಅಳಿಸಿಸಿಕೊಂಡವರು ಮತ್ತೆ ಬರುವುದು ಕಡಿಮೆಯಾಯಿತು. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ನೋಂದಾಯಿಸಿದವರು ಒಂದು ಕೋಟಿ ದಾಟಿದ್ದಾರೆ. ನಿಯಮಿತವಾಗಿ ಎಡಿಟ್ ಮಾಡುವವರು ಅದರಲ್ಲಿ ಒಂದು ಸಣ್ಣ ಪಾಲು.

ಒಂದು ವಿಷಯದಲ್ಲಿ ಮಾತ್ರ ಮೆತ್ತಗೆ, ನಿಧಾನಕ್ಕೆ ಎನ್ನುವಂತಿಲ್ಲ. ಗೂಗಲ್ ಮ್ಯಾಪ್ಸ್ ನೋಡಿ ಹೆಸರು, ರಸ್ತೆ ನಕಲು ಮಾಡುವುದು. ‘ಅಲ್ಲಿ ಇದೆಯಲ್ಲ, ಇಲ್ಲಿಗೂ ಹಾಕಿದೆ’ ಎಂದು ಹೊಸಬರು ಸಹಜವಾಗಿ ಹೇಳುತ್ತಾರೆ. ಈ ಮ್ಯಾಪ್ ಹುಟ್ಟಿದ್ದೇ ಬೇರೆಯವರ ನಕ್ಷೆ ಮುಟ್ಟುವಂತಿಲ್ಲ ಎಂಬ ಕಷ್ಟದಿಂದ. ಬ್ರಿಟನ್ನಿನಲ್ಲಿ ಸರ್ಕಾರಿ ನಕ್ಷೆಗಳೆಲ್ಲ ಆರ್ಡ್ನೆನ್ಸ್ ಸರ್ವೆ ಎಂಬ ಸಂಸ್ಥೆಯ ಹಿಡಿತದಲ್ಲಿದ್ದವು. ಬಳಸಬೇಕಾದರೆ ದುಡ್ಡು ಕೊಡಬೇಕು. ಅಲ್ಲಿನ ಆಟೊಮೊಬೈಲ್ ಅಸೋಸಿಯೇಷನ್ ಆ ನಕ್ಷೆಗಳನ್ನು ನಕಲು ಮಾಡಿದ ಆರೋಪಕ್ಕೆ 2001ರಲ್ಲಿ 2 ಕೋಟಿ ಪೌಂಡ್ ಕೊಟ್ಟು ರಾಜಿ ಮಾಡಿಕೊಂಡಿತು. ಮೂರು ವರ್ಷ ಕಳೆದು, 2004ರಲ್ಲಿ, ಸ್ಟೀವ್ ಕೋಸ್ಟ್ ಎಂಬ ಯುವಕ ಓಪನ್‌ಸ್ಟ್ರೀಟ್‌ಮ್ಯಾಪ್ ಶುರುಮಾಡಿದ. ನಕಲು ಮಾಡಿದ ದತ್ತಾಂಶವನ್ನು ತೆಗೆಯಲೇಬೇಕು. ಆದರೆ ಈ ಕಾರಣ ಹೇಳಿ ತೆಗೆದರೆ ಹೊಸಬರಿಗೆ ಅರ್ಥವಾಗುತ್ತದೆ. ಬರೀ ‘ಕಾಪಿರೈಟ್ ಉಲ್ಲಂಘನೆ’ ಎಂದು ಬರೆದರೆ ಪೊಲೀಸರೇ ಬಂದ ಹಾಗಾಗುತ್ತದೆ.

ಇನ್ನು ಉತ್ತರವೇ ಕೊಡದವರು. ಇವರನ್ನೆಲ್ಲ ಮೊಂಡರು ಎಂದುಕೊಳ್ಳಬೇಡಿ. ಮ್ಯಾಪ್ಸ್.ಮಿ ಎಂಬ ಮೊಬೈಲ್ ಆ್ಯಪ್ ಮೂಲಕ ಎಡಿಟ್ ಮಾಡಿದ ಪ್ರವಾಸಿಗಳಲ್ಲಿ ಎಷ್ಟೋ ಜನ, ತಮ್ಮ ಫೋನಿನಲ್ಲಿ ಮಾತ್ರ ಗುರುತು ಹಾಕಿಕೊಳ್ಳುತ್ತಿದ್ದೇವೆ ಎಂದುಕೊಂಡು ‘ನಮ್ಮ ಹೋಟೆಲ್’ ಎಂದು ಇಡೀ ಜಗತ್ತಿನ ಮ್ಯಾಪಿಗೆ ಬರೆದಿದ್ದರು. ಅವರಿಗೆ ಚೇಂಜ್‌ಸೆಟ್ ಎಂಬುದು ಇದೆ ಎಂದೇ ಗೊತ್ತಿರಲಿಲ್ಲ, ಈಮೇಲ್ ಯಾರು ನೋಡುತ್ತಾರೆ? ಇಂಥವರಿಗೆ ಕೆಲವು ದಿನ ಕಾದು, ಸಣ್ಣ ತಪ್ಪಾದರೆ ನೀವೇ ಸರಿಮಾಡಿ, ಏನು ಮಾಡಿದಿರಿ ಎಂದು ಅಲ್ಲೇ ಒಂದು ಸಾಲು ಬರೆದಿಡಿ. ಹಳೆಯ ಆವೃತ್ತಿಗಳೆಲ್ಲ ಉಳಿದಿರುತ್ತವೆ, ಬೇಕಾದರೆ ಹಿಂದಕ್ಕೆ ತರಬಹುದು. ಹಾಗಾಗಿ ಅವಸರ ಬೇಡ. ಒಬ್ಬರೇ ಮತ್ತೆ ಮತ್ತೆ ದೊಡ್ಡ ಹಾನಿ ಮಾಡುತ್ತಿದ್ದು, ಬರೆದದ್ದನ್ನು ಓದುತ್ತಲೇ ಇಲ್ಲ ಅಂದರೆ, ಡೇಟಾ ವರ್ಕಿಂಗ್ ಗ್ರೂಪ್ ಎಂಬ ತಂಡಕ್ಕೆ ಹೇಳಬಹುದು. ಅವರ ಹತ್ತಿರ ಶೂನ್ಯ ಗಂಟೆಯ ತಡೆ ಎಂಬ ಉಪಾಯ ಇದೆ. ಖಾತೆಗೆ ತಡೆ ಬೀಳುತ್ತದೆ, ಅವಧಿ ಮಾತ್ರ ಸೊನ್ನೆ. ಲಾಗಿನ್ ಆಗಿ ಸಂದೇಶವನ್ನು ಒಮ್ಮೆ ತೆರೆದು ನೋಡಿದರೆ ಸಾಕು, ಮತ್ತೆ ಎಡಿಟ್ ಮಾಡಬಹುದು.